ಬಾವಿಗೆ ಇಳಿಸುವ ದೇವದೂತ

ಆಡಿದ ಮಾತನ್ನು ಬಾವಿಗಳು ಮರೆಯುತ್ತಿರಲಿಲ್ಲ. ಹಾಗಾಗಿ ಊರಿನ ಚರಿತ್ರೆ ಬರೆಯುವವರು ಬಾವಿಕಟ್ಟೆಯಲ್ಲೇ ಕೂರುತ್ತಿದ್ದರು. ಬೀದರಿನ ಸಂಶೋಧಕಿ ಮಹಾನಂದಾ ಇರಾನಿನ ಹಳ್ಳಿಯೊಂದರ ಬಾವಿಗೆ ಕಿವಿಗೊಟ್ಟಿದ್ದಳು. ಆರುನೂರು ವರ್ಷ ಹಳೆಯ ಫಾರ್ಸಿ ಮಾತುಗಳ ನಡುವೆ ಒಂದು ಕೂಗು ಎದ್ದಿತು: “ಮೆಲ್ಲಕ!”

“ಮಲಕ್ ಅಂದ್ರೆ ದೇವದೂತ, ತಾಯಿ. ಅವನನ್ನ ಕೂಗದೆ ಇವತ್ತಿಗೂ ನಾವು ಬಾವಿಗೆ ಇಳಿಯೋದಿಲ್ಲ,” ಎಂದ ಬಾವಿ ತೋಡುವ ಮುದುಕ ಹೂಶಂಗ್.

ಬಾವಿ ಇನ್ನೂ ಮಾತು ಮುಗಿಸಿರಲಿಲ್ಲ: “ಮೆಲ್ಲಕ ಇಳಿಯೋ ತಮ್ಮಾ, ಕಲ್ಲು ಜಾರ್ತದ.”

ಅದು ಕನ್ನಡ; ಮಹಾನಂದಾ ಬಾವಿಯೊಳಕ್ಕೆ ಇನ್ನಷ್ಟು ಬಾಗಿದಳು. ಅಷ್ಟರಲ್ಲಿ ಹೂಶಂಗನ ಮಗ ಹಗ್ಗ ಹಿಡಿದು “ಮೆಲ್ಲಕ!” ಎಂದು ಕೂಗಿ ಕತ್ತಲಿಗೆ ಕಾಲಿಟ್ಟ.

“ದೇವದೂತ ಏನಂದ, ತಾಯಿ?”

“ನಿಮ್ಮ ಮಗನ್ನ ತಮ್ಮಾ ಅಂತ ಕರದ, ಕಾಕಾ,” ಎಂದಳು. “ಅವ ನಮ್ಮೂರವ.”