ಗಂಡ ಹೇಳಿದ ಅರ್ಥ

ಡಂಪ್ಲಿಂಗ್‌ನ ಅಂಚು ಮಡಿಸುತ್ತಿದ್ದ ಯೂಲಾನ್‌ಳ ಬೆರಳುಗಳು ನಿಂತವು. ಪಕ್ಕದ ಕೋಣೆಯಲ್ಲಿ ಗಂಡ ವೀ ಆಫೀಸಿನ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ದ ಬಾಲ್ ಈಸ್ ಇನ್ ಯುವರ್ ಕೋರ್ಟ್. ನೀವೇ ತೀರ್ಮಾನ ಮಾಡಿ, ನಾನು ಕಾಯ್ತೀನಿ."

ಎಡಿಸನ್ ಊರಿನ ದಂತವೈದ್ಯರೊಬ್ಬರು ತಮ್ಮ ಕ್ಲಿನಿಕ್ಕಿನ ಕೆಲಸಕ್ಕೆ ಇಂಟರ್‌ವ್ಯೂ ಮುಗಿಸಿ ಅವಳಿಗೂ ಇದೇ ಮಾತು ಹೇಳಿದ್ದರು. 'ಅವರೇ ಫೋನ್ ಮಾಡುತ್ತಾರೆ' ಎಂದು ವೀ ಅವಳ ಇಂಗ್ಲಿಷ್ ನುಡಿಗಟ್ಟುಗಳ ನೋಟ್‌ಬುಕ್ಕಿನಲ್ಲಿ ಚೀನಿ ಭಾಷೆಯಲ್ಲಿ ಅರ್ಥ ಬರೆಸಿದ್ದ. ಹತ್ತು ದಿನದಿಂದ ಅವಳು ಫೋನನ್ನು ಸ್ನಾನದ ಮನೆಗೂ ಒಯ್ಯುತ್ತಿದ್ದಳು. ಬೆಳಿಗ್ಗೆ ಪಕ್ಕದ ಮನೆಯ ರಾಜಿ, "ಅಯ್ಯೋ, ನೀನೇ ಫೋನ್ ಮಾಡ್ಬೇಕು ಕಣೇ! ನಿನ್ನ ಗಂಡನಿಗೆ ಇಂಗ್ಲಿಷ್ ಬರಲ್ವಾ?" ಎಂದು ನಕ್ಕಾಗ, ಪಾಪ, ಅವನಿಗೂ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದಳು.

ವೀ ಅಡುಗೆಮನೆಗೆ ಬಂದಾಗ ಕೇಳಿದಳು, "ಆ ಬಾಲ್, ಕೋರ್ಟ್... ಏನಂದಿದ್ದೆ ಅವತ್ತು?"

"ಮತ್ತೆ ಮರೆತ್ಯಾ, ಪೆದ್ದಿ? ಅವರೇ ಫೋನ್ ಮಾಡ್ತಾರೆ ಅಂತ. ಇನ್ನೂ ಮಾಡಿಲ್ಲ ಅಂದ್ರೆ ಬೇರೆ ಯಾರೋ ಸಿಕ್ಕಿರ್ತಾರೆ, ಬಿಡು."

ಅವಳು ಕೈಗಂಟಿದ ಹಿಟ್ಟು ಒರೆಸಿಕೊಂಡು, ಅವನು ಹೇಳಿದ್ದನ್ನೇ ಅವನ ಕಣ್ಣೆದುರೇ ನೋಟ್‌ಬುಕ್ಕಿನಲ್ಲಿ ಇನ್ನೊಮ್ಮೆ ಅಂದವಾಗಿ ಬರೆದುಕೊಂಡಳು. ನಾಳೆ ಅವನು ಟ್ರೇನ್ ಹತ್ತಿದ ಮೇಲೆ ಮೊದಲು ಕ್ಲಿನಿಕ್ಕಿಗೆ ಫೋನ್ ಮಾಡಬೇಕು. ಆಮೇಲೆ ಈ ನೋಟ್‌ಬುಕ್ ಹಿಡಿದು ರಾಜಿಯ ಎದುರು ಕೂರಬೇಕು, ಮೊದಲ ಪುಟದಿಂದ.