ಮೇಲೆ ಎಂದು ಬರೆದ ತುದಿ

"ನೋಡೇ, ಕಣ್ಣು ಬಿಟ್ಟು ನೋಡು!" ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ದೊಡ್ಡಪ್ಪ ಎಲ್ಲರೆದುರು ಮೇಜು ಕುಟ್ಟಿದರು. ಕಡಲತಳದಿಂದ ಕೊಳವೆಯಲ್ಲಿ ಎತ್ತಿ ತಂದ ಮಣ್ಣು ಉದ್ದಕ್ಕೆ ಸೀಳಿಸಿಕೊಂಡು ಅವರ ಮುಂದೆ ಮಲಗಿತ್ತು. "ಕೆಳಗೆ ಚಿಪ್ಪು, ಮೇಲೆ ಕಾಡಿನ ಕಪ್ಪು ಮಣ್ಣು. ಸಮುದ್ರ ಒಂದ್ಸಲ ಹಿಂದೆ ಸರಿದಿತ್ತು ಅಂತ ನಾನು ಬಾಯಿ ಬಡ್ಕೊಂಡೆ. ಸರಿದೇ ಇಲ್ಲ ಅಂತ ನಂಗೇ ಪಾಠ ಹೇಳೋಕೆ ಬಂದ್ಳು ಇವಳು!"

ಸುತ್ತಲಿದ್ದವರು ನಕ್ಕರು. ಅದೇ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಅವರ ತಮ್ಮನ ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಮಣ್ಣಿನ ಮೇಲೆ ಬಗ್ಗಿ ನೋಡಿದಳು. ಕಪ್ಪು ಮಣ್ಣಿನಲ್ಲಿ ಕೂದಲೆಳೆಯಂಥ ಬೇರುಗಳಿದ್ದವು. ಅವೆಲ್ಲ ಕವಲೊಡೆದು, ತೆಳುವಾಗುತ್ತ, ಒಂದು ತುದಿಗೆ ಅಂಟಿಸಿದ್ದ 'ಮೇಲೆ' ಎಂಬ ಚೀಟಿಯ ಕಡೆಗೇ ಹರಡಿದ್ದವು.

"ದೊಡ್ಡಪ್ಪ, ಹಡಗಲ್ಲಿ ಈ ಚೀಟಿ ಅಂಟಿಸಿದ್ದು ಯಾರು?"

"ನಾನೇ. ಇಂಥ ಕೆಲಸ ಕಂಡೋರ ಕೈಗೆ ಕೊಡ್ತೀನಾ?"

"ಮತ್ತೆ ಯಾವ ಮರ ಆಕಾಶಕ್ಕೆ ಬೇರು ಬಿಡತ್ತೆ?"

ನಗು ನಿಂತಿತು. ದೊಡ್ಡಪ್ಪ ಬಗ್ಗಿದರು. ಅವರ ಮುಖ ಬಿಳಿಚಿಕೊಂಡಿತು. "ಬೇರಲ್ಲ ಕಣೇ, ಕೊಳೆ" ಎನ್ನುತ್ತ ಮಣ್ಣು ಸವರುವ ಅಲಗನ್ನು ಎತ್ತಿಕೊಂಡು, ಕೆರೆದುಹಾಕಲೆಂದು ಬೇರುಗಳ ಮೇಲೆ ಊರಿದರು. ಕಪ್ಪೆಚಿಪ್ಪು ಯಾವುದು, ಕಲ್ಲು ಯಾವುದು ಎಂದು ಅವಳಿಗೆ ಚಿಕ್ಕಂದಿನಲ್ಲಿ ತೋರಿಸಿಕೊಟ್ಟದ್ದು ಇದೇ ಕೈ. ಅವಳು ಅದರ ಮಣಿಕಟ್ಟನ್ನು ಹಿಡಿದು ಆಚೆ ತಳ್ಳಿದಳು. ಚೀಟಿಯನ್ನು ಪರ್ರನೆ ಕಿತ್ತು, ಚಿಪ್ಪಿದ್ದ ತುದಿಗೆ ಅಂಗೈಯಿಂದ ಒತ್ತಿ ಅಂಟಿಸಿದಳು. ಈಗ ಬೇರುಗಳು ಕೆಳಕ್ಕೆ ಇಳಿದಿದ್ದವು. ಕಾಡು ತಳದಲ್ಲಿತ್ತು, ಸಮುದ್ರ ಅದರ ಮೇಲೆ ಏರಿ ಬಂದಿತ್ತು; ಹಿಂದೆ ಸರಿದೇ ಇರಲಿಲ್ಲ.

"ಈಗ ಕೆರೀರಿ, ದೊಡ್ಡಪ್ಪ" ಎಂದಳು. "ಎಲ್ಲರೂ ನೋಡ್ತಿದಾರೆ."