ಬೋರಲು ರೊಟ್ಟಿ

ಚಿತ್ರದ ಮುಂದೆ ನಿಂತ ಝೆಲಿಯಮ್ಮ ತನ್ನ ಮುಖ ಎಷ್ಟು ಚೆನ್ನಾಗಿ ಬಂದಿದೆ ಎಂದು ನೋಡಲೇ ಇಲ್ಲ. ಅದರೊಳಗಿನ ಮೇಜಿನತ್ತ ಬೆರಳು ಮಾಡಿ, "ರೊಟ್ಟೀನ ಬೋರಲು ಹಾಕಿದ್ದು ಯಾರು?" ಅಂದಳು.

ಹಾಕಿದ್ದು ಚಿತ್ರ ಬರೆದ ಎವರಿಸ್ತನೇ. ಊಟಕ್ಕೆ ಮುಂಚೆ ತಲೆಬಾಗಿ ಪ್ರಾರ್ಥಿಸುವ ರೈತನ ಮನೆಯವರ ಚಿತ್ರ ಅದು. ತಾಯಿಯಾಗಿ ಕೂತವಳು ಪಕ್ಕದ ಮನೆಯ ಝೆಲಿಯಮ್ಮ. ಬ್ರೆಡ್ಡಿನಂತೆ ಉಬ್ಬಿದ ದಪ್ಪ ರೊಟ್ಟಿಯ ಹಿಟ್ಟು ಮೆತ್ತಿದ ಅಡಿ ಕಿಟಕಿಯ ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆಂದು ಮಗುಚಿಟ್ಟು ಬರೆದಿದ್ದ.

"ಬೋರಲು ರೊಟ್ಟಿ ತಲೆ ಕಡಿಯೋ ಕೊಲೆಗಡುಕನ ಪಾಲಿಂದು ಕಣಪ್ಪ, ಮನೆಗೆ ಕೇಡು. ಅದರ ಮುಂದೆ ನನ್ನ ಕೈಮುಗಿಸಿ ಕೂರಿಸಿದೀಯಲ್ಲ. ಹಿಂದಿನ ಮೂರು ಚಿತ್ರದಲ್ಲೂ ಹೀಗೇನಾ?"

ಎವರಿಸ್ತ ನೆನಪು ಮಾಡಿಕೊಂಡ. ಹೀಗೇ ಇತ್ತು. ಮೂರು ವರ್ಷವೂ ಪ್ಯಾರಿಸ್ಸಿನ ಪ್ರದರ್ಶನದವರು ಹಿಂಬದಿಗೆ ತಿರಸ್ಕಾರದ ಮುದ್ರೆ ಒತ್ತಿ ವಾಪಸ್ ಕಳಿಸಿದ್ದರು. ಈ ಸಲವೂ ಹಾಗಾದರೆ ಕುಂಚ ಬಿಟ್ಟು ಅಣ್ಣನ ಜೊತೆ ಪೀಪಾಯಿ ಮಾಡಲು ಹೋಗುವುದೆಂದು ಮಾತು ಕೊಟ್ಟಾಗಿತ್ತು. ಬಾಗಿಲಲ್ಲಿ ಗಾಡಿಯ ಬಾರ್ನಬೆ ಕಾಯುತ್ತಿದ್ದ. ಇವತ್ತು ಹೊರಟರಷ್ಟೇ ಗಡುವಿನೊಳಗೆ ಪ್ಯಾರಿಸ್.

ಆ ಬಿಳುಪು ತೆಗೆದರೆ ಚಿತ್ರವೇ ಕತ್ತಲಾಗುತ್ತದೆಂದು ಎವರಿಸ್ತ ಅಂಗಲಾಚಿದ. ಹಾಗಾದರೆ ತನ್ನ ಮುಖವನ್ನೂ ಅಳಿಸಿಬಿಡು ಎಂದವಳೇ ಝೆಲಿಯಮ್ಮ ಮನೆಗೆ ಹೋಗಿ, ಬೆಳಿಗ್ಗೆ ಸುಟ್ಟ ದುಂಡು ರೊಟ್ಟಿ ತಂದು ಮೇಜಿನ ಮೇಲೆ ನೆಟ್ಟಗೆ ಇಟ್ಟಳು. ಅದರ ಮೈ ಕಂದು, ಕಿಟಕಿಯ ಬೆಳಕನ್ನೆಲ್ಲ ನುಂಗಿಬಿಟ್ಟಿತು. ಎವರಿಸ್ತ ತಲೆ ಮೇಲೆ ಕೈ ಹೊತ್ತು ಕೂತ.

"ಇದು ನೋಡೋಕೋ, ತಿನ್ನೋಕೋ?" ಬಾರ್ನಬೆ ಮೆಲ್ಲಗೆ ಕೇಳಿದ.

ಹಸಿದವನಿಗೆ ಇಲ್ಲ ಅನ್ನುವ ಮನೆತನ ಅವಳದಲ್ಲ. ಚಾಕುವಿನ ತುದಿಯಿಂದ ರೊಟ್ಟಿಯ ಅಡಿಗೆ ಶಿಲುಬೆ ಗೀರಿ, ಎದೆಗೊತ್ತಿ ಹಿಡಿದು, ಒಂದು ದಪ್ಪ ತುಂಡು ಕೊಯ್ದು ಕೊಟ್ಟಳು. ಉಳಿದದ್ದನ್ನು ಮೇಜಿನ ಮೇಲಿಟ್ಟಾಗ ಕೊಯ್ದ ಮಗ್ಗುಲು ಕಿಟಕಿಗೆ ತಿರುಗಿತು. ಅಷ್ಟು ಬಿಳುಪನ್ನು ಎವರಿಸ್ತ ಎಂದೂ ಕಂಡಿರಲಿಲ್ಲ.

"ಯಾರೂ ಮುಟ್ಟಬೇಡಿ," ಎಂದು ಚಿತ್ರದಲ್ಲಿದ್ದ ಹಳೆಯ ರೊಟ್ಟಿಯ ಬಣ್ಣವನ್ನು ಕೆರೆಯತೊಡಗಿದ.

ಬಾರ್ನಬೆಯ ಮೂರನೇ ತುಂಡು ಮುಗಿಯುವಷ್ಟರಲ್ಲಿ ಚಿತ್ರವೂ ಮುಗಿಯಿತು. ಕಿಟಕಿಯತ್ತಲಿನ ಮಗ್ಗುಲು ಕೆಡದಂತೆ ತುಂಡುಗಳನ್ನೆಲ್ಲ ಹಿಂದಿನ ಕಡೆಯಿಂದಲೇ ಕೊಯ್ದುಕೊಟ್ಟಿದ್ದಳು ಮಹಾತಾಯಿ. ಚಿತ್ರದೊಳಗಿನ ಮಕ್ಕಳ ಮುಖಕ್ಕೆ ಕುಂಚ ತಾಗಿಸಿರಲಿಲ್ಲ. ಆದರೂ ಈಗ ಅವಕ್ಕೆ ಹಸಿವಾಗಿತ್ತು.

ಹಸಿ ಬಣ್ಣಕ್ಕೆ ಬಟ್ಟೆ ತಾಗದಂತೆ ಚಿತ್ರವನ್ನು ಗಾಡಿಗೆ ಏರಿಸುವಾಗ ಝೆಲಿಯಮ್ಮ ತಡೆದಳು. ರೊಟ್ಟಿಯ ಅಡಿಯ ಹಿಟ್ಟನ್ನು ಹೆಬ್ಬೆರಳಿಗೆ ಒತ್ತಿಕೊಂಡು, ಚಿತ್ರದ ಹಿಂದಿನ ಮರದ ಪಟ್ಟಿಯ ಮೇಲೆ, ಪ್ರತಿ ಸಲ ಮುದ್ರೆ ಬೀಳುತ್ತಿದ್ದ ಜಾಗದಲ್ಲೇ, ಬೆಳ್ಳನೆಯ ಶಿಲುಬೆ ಎಳೆದಳು.

"ಈಗ ಒತ್ತಲಿ, ನೋಡೋಣ."